‘ಒಂಥರಾ ಆಗಾಕತ್ತೇತಿ’ ಅನ್ನುವುದಕ್ಕೆ ಹೆಸರು ಹುಡುಕುವುದು ಹೇಗೆ?

ನಮ್ಮ ಕಡೆ ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ ಎರಡು. "ಆರಾಮ ಅದೀ?" ಮತ್ತು "ಊಟಾತೇನು?" ಹುಬ್ಬಳ್ಳಿ, ಗದಗ, ಹಾವೇರಿ, ಎಲ್ಲಿ ಹೋದರೂ ಇದೇ. ಉತ್ತರ ಬಾಯಲ್ಲೇ ಇರುತ್ತದೆ, ಯಾರೂ ಯೋಚಿಸಿ ಹೇಳುವುದಿಲ್ಲ. ಧಾರವಾಡದ ಹಾಸ್ಟೆಲ್ಲಿನಲ್ಲಿದ್ದ ಮೂರು ವರ್ಷ ನಾನು ಈ ಎರಡಕ್ಕೂ ಸುಳ್ಳು ಹೇಳಿದೆ. "ಊಟ ಆತು" ಅನ್ನುವುದು ಸುಳ್ಳು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. "ಆರಾಮ ಅದೀನಿ" ಅನ್ನುವುದೂ ಸುಳ್ಳು ಅಂತ ಮಾತ್ರ ಗೊತ್ತಿರಲಿಲ್ಲ. ಒಳಗೆ ಇಣುಕಿ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಏನೂ ಕಾಣಲಿಲ್ಲ ಅಂದರೆ ಆರಾಮ ಅಂತಲೇ ಅರ್ಥ ಅಲ್ವಾ ಅಂದುಕೊಂಡಿದ್ದೆ.

ನಾನು ಡಾಕ್ಟರ್ ಅಲ್ಲ. ದಿನವಿಡೀ ಹೊಟ್ಟೆ ಖಾಲಿ ಬಿಡುವುದು, ರಾತ್ರಿ ಒಬ್ಬಳೇ ಕೂತು ಮಿತಿಮೀರಿ ತಿನ್ನುವುದು, ತಿಂದದ್ದಕ್ಕೆ ನಾಚಿ ವಾಂತಿ ಮಾಡುವುದು, ಮರುದಿನ ಮತ್ತೆ ಖಾಲಿ ಬಿಡುವುದು, ಈ ಗಾಣದಲ್ಲಿ ಸುತ್ತಿ ಸುತ್ತಿ ಹೊರಗೆ ಬಂದವಳು ಅಷ್ಟೇ. ಹೊರಗೆ ಬರುವಾಗ ಕಲಿತದ್ದನ್ನು, ಕಲಿಸಿದವರು ಹೇಳಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ. ಹೀಗೆ ಊಟದ ಜೊತೆಗಿನ ನಂಟೇ ಕೆಟ್ಟುಹೋಗುವ ಕಾಯಿಲೆಗೆ ಈಟಿಂಗ್ ಡಿಸಾರ್ಡರ್ ಅನ್ನುತ್ತಾರೆ. ಅದು ಇರುವವರಿಗೆ ಇದು, ಅವರ ಮನೆಯವರಿಗೂ.

ಇದಕ್ಕೊಂದು ಹೆಸರಿದೆ

ತನ್ನ ಭಾವನೆ ಯಾವುದು ಅಂತ ಗುರುತಿಸಲು, ಗುರುತಿಸಿದರೂ ಮಾತಲ್ಲಿ ಹೇಳಲು ಆಗದ ಸ್ಥಿತಿಗೆ ಅಲೆಕ್ಸಿಥೈಮಿಯಾ ಅನ್ನುತ್ತಾರೆ. 1970ರ ದಶಕದ ಮೊದಲಲ್ಲಿ ಬಾಸ್ಟನ್ನಿನ ಮನೋವೈದ್ಯ ಪೀಟರ್ ಸಿಫ್ನಿಯೋಸ್ ಗ್ರೀಕ್ ಪದಗಳನ್ನು ಜೋಡಿಸಿ ಮಾಡಿದ ಹೆಸರು ಅದು. ಅ ಅಂದರೆ ಇಲ್ಲ, ಲೆಕ್ಸಿಸ್ ಅಂದರೆ ಮಾತು, ಥೈಮೋಸ್ ಅಂದರೆ ಭಾವ. ಭಾವಕ್ಕೆ ಮಾತಿಲ್ಲ. ಇದು ಕಾಯಿಲೆಯಲ್ಲ, ಒಂದು ಗುಣ. ಎತ್ತರ, ಕುಳ್ಳು ಇದ್ದಂತೆ ಕೆಲವರಲ್ಲಿ ಜಾಸ್ತಿ, ಕೆಲವರಲ್ಲಿ ಕಡಿಮೆ. ಸಾಮಾನ್ಯ ಜನರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಜಾಸ್ತಿ ಇರುತ್ತದೆ ಅನ್ನುತ್ತಾರೆ. ಈಟಿಂಗ್ ಡಿಸಾರ್ಡರ್ ಇರುವವರಲ್ಲಿ ಅದಕ್ಕಿಂತ ಬಹಳ ಹೆಚ್ಚು. ಊಟ ಬಿಡುವ ಅನೊರೆಕ್ಸಿಯಾ, ತಿಂದು ಹೊರಹಾಕುವ ಬುಲಿಮಿಯಾ, ತಡೆಯಿಲ್ಲದೆ ತಿನ್ನುವ ಬಿಂಜ್ ಈಟಿಂಗ್, ಮೂರರಲ್ಲೂ ಕಂಡಿದೆ.

ಅಳೆಯುವುದಕ್ಕೆ 20 ಪ್ರಶ್ನೆಗಳ ಒಂದು ಪಟ್ಟಿ ಇದೆ, ಟೊರಾಂಟೊ ಅಲೆಕ್ಸಿಥೈಮಿಯಾ ಸ್ಕೇಲ್ ಅಂತ. 1994ರಿಂದ ಬಳಕೆಯಲ್ಲಿದೆ. ಅಂಕ 20ರಿಂದ 100ರವರೆಗೆ, 61 ಮುಟ್ಟಿದರೆ ಜಾಸ್ತಿ ಅಂತ ಲೆಕ್ಕ. ಮೂರು ಸಂಗತಿ ನೋಡುತ್ತದೆ: ಭಾವನೆ ಗುರುತಿಸುವ ಕಷ್ಟ, ಹೇಳುವ ಕಷ್ಟ, ಒಳಗಿನದನ್ನು ಬಿಟ್ಟು ಬರೀ ಹೊರಗಿನ ವಿವರಗಳಲ್ಲೇ ಯೋಚಿಸುವ ಚಾಳಿ. ಮೂರನೆಯದು ನನ್ನಲ್ಲಿ ತುಂಬಿ ತುಳುಕುತ್ತಿತ್ತು. "ಮನೆಗೆ ಹೋಗಿದ್ದೆಯಲ್ಲ, ಹೇಗಿತ್ತು?" ಅಂದರೆ ಬಸ್ಸು ಎಷ್ಟಕ್ಕೆ ಹೊರಟಿತು, ಯಾರು ಬಂದಿದ್ದರು, ಏನು ಅಡುಗೆ, ಎಲ್ಲ ಹೇಳುತ್ತಿದ್ದೆ. ನನಗೆ ಹೇಗಾಯಿತು ಅನ್ನುವುದೊಂದು ಬಿಟ್ಟು.

ಇಂಥವರನ್ನು ಕಲ್ಲುಮನಸ್ಸಿನವರು ಅಂತ ತಿಳಿಯಬೇಡಿ. ಭಾವನೆ ಇರುತ್ತದೆ, ಮೈಯಲ್ಲಿ ಪೂರ್ತಿ ಜೋರಾಗಿಯೇ ಇರುತ್ತದೆ. ಬಾಗಿಲು ಬಡಿಯುತ್ತಿರುತ್ತದೆ, ಬಂದವರು ಯಾರು ಅಂತ ತಿಳಿಯುವುದಿಲ್ಲ. ಆಗ ಗೊತ್ತಿರುವ ಒಂದೇ ಉಪಾಯ ಊಟ. ತಿಂದು ಸುಮ್ಮನಾಗಿಸುವುದು, ಇಲ್ಲವೇ ತಿನ್ನದೆ ಮರಗಟ್ಟಿಸುವುದು.

ಹಿಲ್ಡೆ ಬ್ರುಕ್ ಅಂತ ಒಬ್ಬ ಮನೋವೈದ್ಯೆ 1962ರಲ್ಲೇ ಇದನ್ನು ಗುರುತಿಸಿದ್ದರು. ಅನೊರೆಕ್ಸಿಯಾ ಇರುವವರಿಗೆ ತಮ್ಮ ಮೈಯೊಳಗಿನ ಸುದ್ದಿ ಸರಿಯಾಗಿ ತಿಳಿಯುವುದಿಲ್ಲ, ಹಸಿವೆ ಯಾವುದು, ಬೇರೆ ಸಂಕಟ ಯಾವುದು ಅನ್ನುವ ಗೆರೆಯೇ ಮಸುಕಾಗಿರುತ್ತದೆ ಅಂತ. ಅದನ್ನು ಓದಿದ ದಿನ ನಾನು ಜೋರಾಗಿ ನಕ್ಕಿದ್ದೆ. ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಯಾರೋ ನನ್ನ ಜಾತಕ ಬರೆದಿಟ್ಟಿದ್ದರು!

ಮೊದಲ ಹೆಜ್ಜೆ: ಹೊಟ್ಟೆಗೆ ಊಟ, ಕೈಗೆ ಡಾಕ್ಟರ್ ಚೀಟಿ

ಭಾವನೆ ಕಲಿಯುವ ಲೇಖನದಲ್ಲಿ ಊಟದ ಮಾತು ಯಾಕೆ ಮೊದಲು ಅಂತೀರಾ? ಹಸಿದ ಮಿದುಳಿಗೆ ಭಾವನೆ ಓದಲು ಬರುವುದಿಲ್ಲ. ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಅನ್ನುವವರು 36 ಗಟ್ಟಿಮುಟ್ಟಾದ ಗಂಡಸರಿಗೆ, ಅವರ ಒಪ್ಪಿಗೆಯ ಮೇಲೆ, ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಮೊದಲು ಯಾವ ಮಾನಸಿಕ ತೊಂದರೆಯೂ ಇಲ್ಲದಿದ್ದ ಆ ಗಂಡಸರು ಸಣ್ಣದಕ್ಕೆಲ್ಲ ಸಿಡುಕತೊಡಗಿದರು, ಮಂಕಾದರು, ಜನರಿಂದ ದೂರ ಸರಿದರು, ಹಗಲೂ ರಾತ್ರಿ ಊಟದ ಬಗ್ಗೆಯೇ ಯೋಚಿಸತೊಡಗಿದರು. ಅಂದರೆ ನಿಮ್ಮ ಒಳಗಿನ ಮಂಕು ಎಷ್ಟು ನಿಮ್ಮ ಸ್ವಭಾವ, ಎಷ್ಟು ಹಸಿವೆಯ ಕೆಲಸ ಅಂತ ಹಸಿದಿರುವಾಗ ಹೇಳಲು ಸಾಧ್ಯವೇ ಇಲ್ಲ. ಹೊತ್ತಿಗೆ ಸರಿಯಾಗಿ ಊಟ ಶುರುವಾದ ಮೇಲೆ ಸ್ವಲ್ಪ ಮಂಜು ತಾನೇ ಸರಿಯುತ್ತದೆ. ಪೂರ್ತಿ ಸರಿಯುವುದಿಲ್ಲ. ಉಳಿದದ್ದಕ್ಕೆ ಮುಂದಿನ ಹೆಜ್ಜೆಗಳು.

ಬಹಳ ದಿನ ಉಪವಾಸ ಇದ್ದವರು ಹಟಕ್ಕೆ ಬಿದ್ದು ಒಮ್ಮೆಲೇ ಭರ್ತಿ ಊಟ ಶುರು ಮಾಡಬೇಡಿ. ರಕ್ತದ ಲವಣಗಳು ಏರುಪೇರಾಗಿ ಜೀವಕ್ಕೇ ಅಪಾಯವಾಗಬಹುದು. ಅದನ್ನು ಡಾಕ್ಟರ್ ನೋಡಿಕೊಂಡು ಏರಿಸಬೇಕು. ತಲೆಸುತ್ತಿ ಬೀಳುವುದು, ಎದೆ ತಪ್ಪಿ ತಪ್ಪಿ ಬಡಿಯುವುದು, ವಾಂತಿಯಲ್ಲಿ ರಕ್ತ, ಮುಟ್ಟು ನಿಲ್ಲುವುದು, ಮೈ ಯಾವಾಗಲೂ ತಣ್ಣಗೆ, ಇವು ಇದ್ದರೆ ಈ ಲೇಖನ ಪಕ್ಕಕ್ಕಿಟ್ಟು ಮೊದಲು ಆಸ್ಪತ್ರೆಗೆ ಹೋಗಿ. ರಕ್ತ ಕಂಡರೆ, ಬಿದ್ದರೆ, ಎದೆ ತಪ್ಪಿದರೆ ನಾಳೆಗೆ ಬಿಡಬೇಡಿ. ಪದೇ ಪದೇ ವಾಂತಿ ಮಾಡುವವರಲ್ಲಿ ಪೊಟ್ಯಾಸಿಯಮ್ ಇಳಿದು ಹೃದಯದ ಲಯ ತಪ್ಪಬಹುದು. ನೋಡಲು ದುಂಡಗಿದ್ದರೂ ತಪ್ಪಬಹುದು, ಅದಕ್ಕೆ "ನೋಡಿದರೆ ಚೆನ್ನಾಗೇ ಇದ್ದಾಳಲ್ಲ" ಅನ್ನುವ ಮಾತನ್ನು ಯಾರೂ ನಂಬಬೇಡಿ.

ಎಲ್ಲಿಗೆ ಹೋಗುವುದು? ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಸರ್ಕಾರಿ ಮಾನಸಿಕ ಆಸ್ಪತ್ರೆ. "ಅಲ್ಲಿಗಾ?" ಅಂತ ಮೂಗು ಮುರಿಯುವವರು ಇದ್ದೇ ಇರುತ್ತಾರೆ, ಮುರಿಯಲಿ ಬಿಡಿ. ಹುಬ್ಬಳ್ಳಿಯ ಕೆಎಂಸಿಆರ್‌ಐ ಆಸ್ಪತ್ರೆಯಲ್ಲಿ, ಅಂದರೆ ಮೊದಲಿನ ಕಿಮ್ಸ್‌ನಲ್ಲಿ ಮನೋವೈದ್ಯ ವಿಭಾಗವಿದೆ. ಗದಗ ಮತ್ತು ಹಾವೇರಿಯವರು ತಮ್ಮ ಜಿಲ್ಲೆಯ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಎಲ್ಲಿಗೂ ಹೋಗಲು ಧೈರ್ಯ ಸಾಲದಿದ್ದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನಾನು ಮೊದಲು ಹೋದ ಒಬ್ಬ ಡಾಕ್ಟರ್ ಗ್ಯಾಸ್ ಅಂತ ಗುಳಿಗೆ ಕೊಟ್ಟರು. ಎರಡನೆಯವರು ವೀಕ್ನೆಸ್ ಅಂತ ಟಾನಿಕ್ ಬರೆದರು. ತಪ್ಪು ಪೂರ್ತಿ ಅವರದಲ್ಲ, ನಾನು ಹೇಳಿದ್ದೇ "ಒಂಥರಾ ಆಗ್ತದ್ರಿ" ಅಂತ. ನೀವು ಬಾಯಿಬಿಟ್ಟು ಊಟದ ಬಗ್ಗೆ ಹೇಳಿ. ಹೇಳಲು ಬಾರದಿದ್ದರೆ ಚೀಟಿಯಲ್ಲಿ ಬರೆದು ಟೇಬಲ್ ಮೇಲೆ ಇಡಿ. ನಾನು ಮೂರನೆಯವರ ಹತ್ತಿರ ಹಾಗೇ ಮಾಡಿದೆ.

ಎರಡನೇ ಹೆಜ್ಜೆ: ಮನಸ್ಸನ್ನು ಬಿಡಿ, ಮೈಯನ್ನು ಕೇಳಿ

"ನಿನಗೀಗ ಏನನಿಸ್ತಿದೆ?" ಅನ್ನುವ ಪ್ರಶ್ನೆ ನಮ್ಮಂಥವರಿಗೆ ಉಪಯೋಗವಿಲ್ಲ. ಅದನ್ನು ಕೇಳಿದ ಕೂಡಲೇ ತಲೆ ಖಾಲಿ ಹಲಗೆಯಾಗುತ್ತದೆ, ಆಮೇಲೆ ಹಲಗೆ ಖಾಲಿಯಾಯಿತಲ್ಲ ಅಂತ ಇನ್ನೊಂದು ಗಾಬರಿ. ಪ್ರಶ್ನೆ ಬದಲಿಸಿ. ಮೈಯಲ್ಲಿ ಎಲ್ಲಿ? ಹೇಗೆ? ಎಷ್ಟು?

ಇದಕ್ಕೆ ಪುಸ್ತಕದ ಕನ್ನಡ ಬೇಡ. ಎದೆ ಧಸಕ್ಕಂದಂಗ, ಗಂಟಲು ಬಿಗಿದಂಗ, ಹೊಟ್ಟ್ಯಾಗ ಕಿವುಚಿದಂಗ, ಕೈಕಾಲಾಗಿನ ಬಲಾ ಹೋದಂಗ, ತಲಿ ಝುಂ ಅಂದಂಗ, ಜೀವ ತಳಮಳ. ಮಾತಿನ ಕೊನೆಗೆ ಬರುವ ಈ ‘ಅಂಗ’ ಎಷ್ಟು ಉಪಕಾರಿ ನೋಡಿ. ಇದೇ ಅಂತ ಖಚಿತವಾಗಿ ಹೇಳಬೇಕಿಲ್ಲ, ಇದರಂತೆ ಅಂದರೆ ಸಾಕು. ಹೊಲಕ್ಕೆ ಹೋಗಿ ಬಂದ ಅಜ್ಜಿಯರು ಇಂಥ ಮಾತು ಹತ್ತಾರು ಆಡುತ್ತಾರೆ. ಕಾನ್ವೆಂಟಿನಲ್ಲಿ ಕಲಿತ ನಾವು ಎಲ್ಲ ಮರೆತು "ಫೀಲಿಂಗ್ ಲೋ" ಒಂದೇ ಹಿಡಿದುಕೊಂಡಿದ್ದೇವೆ.

ದಿನಕ್ಕೆ ಮೂರು ಸಲ, ಒಂದೊಂದು ನಿಮಿಷ ಸಾಕು. ಫೋನಿನಲ್ಲಿ ಅಲಾರಂ ಇಡಿ. ಊಟದ ಹೊತ್ತಿಗೆ ಇಡಬೇಡಿ, ಆಗ ಮೈ ಬೇರೆ ಕಾಳಗದಲ್ಲಿ ಇರುತ್ತದೆ. ಇನ್ನೊಂದು ಎಚ್ಚರ, ಇದನ್ನು ನನಗೆ ಯಾರೂ ಹೇಳಿರಲಿಲ್ಲ: ಶುರುವಿಗೇ ಹೊಟ್ಟೆ, ತೊಡೆ ಕಡೆ ಗಮನ ಕೊಡಬೇಡಿ. ನಮ್ಮ ಕಾಯಿಲೆಯಲ್ಲಿ ಆ ಜಾಗಗಳ ಮೇಲೆಯೇ ದ್ವೇಷ ಇರುವುದರಿಂದ ಭಾವನೆ ಹುಡುಕಲು ಹೋಗಿ ಬೈಗುಳ ಸಿಗುತ್ತದೆ. ಅಂಗೈ, ಅಂಗಾಲು, ದವಡೆ, ಭುಜ, ಇಲ್ಲಿಂದ ಶುರು ಮಾಡಿ. ನನ್ನ ದವಡೆ ದಿನದಲ್ಲಿ ಅರ್ಧ ಹೊತ್ತು ಗಟ್ಟಿಯಾಗಿ ಕಚ್ಚಿಕೊಂಡೇ ಇರುತ್ತಿತ್ತು ಅನ್ನುವುದು ನನಗೆ ಗೊತ್ತಾಗಿದ್ದು ಇಪ್ಪತ್ತನೇ ವಯಸ್ಸಿಗೆ.

‘ಎಷ್ಟು’ ಅನ್ನುವುದಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ ಅನ್ನುತ್ತಾರೆ. ಅಂಕ ಅಂದರೆ ನನಗೆ ತೂಕದ ಮಷಿನ್ ನೆನಪಾಗುತ್ತಿತ್ತು. ಅದಕ್ಕೆ ಮಳೆಯ ಲೆಕ್ಕ ಮಾಡಿಕೊಂಡೆ. ಧಾರವಾಡದ ಜಿಟಿಜಿಟಿ ಇದೆಯಲ್ಲ, ಛತ್ರಿ ಇಲ್ಲದೆ ನಡೆಯಬಹುದಾದದ್ದು, ಅದು ಕಡಿಮೆ. ಅಂಗಡಿಯ ಕಟ್ಟೆಗೆ ಓಡಿ ನಿಲ್ಲಬೇಕಾದದ್ದು ಮಧ್ಯಮ. ಬೆಣ್ಣಿಹಳ್ಳ ಉಕ್ಕಿ ಬಂದದ್ದು ಜಾಸ್ತಿ, ಆಗ ಬರೆಯುವುದು ಗಿರೆಯುವುದು ಏನೂ ಬೇಡ, ಯಾರನ್ನಾದರೂ ಕರೆಯಿರಿ.

ಮೂರನೇ ಹೆಜ್ಜೆ: ‘ಯಾಕೆ’ ಬಿಟ್ಟು ‘ಅದಕ್ಕೂ ಮೊದಲು’ ಬರೆಯುವುದು

ಒಂದು ಸಣ್ಣ ನೋಟ್‌ಬುಕ್ ತಗೊಳ್ಳಿ, ಕಿರಾಣಿ ಲೆಕ್ಕದ ಪುಸ್ತಕವಾದರೂ ನಡೆಯುತ್ತದೆ. ನಾಲ್ಕು ಕಾಲಂ: ಹೊತ್ತು, ಅದಕ್ಕೂ ಮೊದಲು ಏನಾಯ್ತು, ಮೈಯಲ್ಲಿ ಏನು, ಊಟದ ಜೊತೆ ಏನು ಮಾಡಬೇಕು ಅನಿಸಿತು. ಏನು ತಿಂದೆ, ಎಷ್ಟು ತಿಂದೆ ಅನ್ನುವುದನ್ನು ಇದರಲ್ಲಿ ಬರೆಯಬೇಡಿ. ಅದು ಡಾಕ್ಟರ್ ಅಥವಾ ಡಯಟಿಷಿಯನ್ ಕೇಳಿದರೆ ಬೇರೆ ಕಡೆ. ಇಲ್ಲಿ ಬರೆದರೆ ಪುಸ್ತಕ ಪೂರ್ತಿ ಕಾಯಿಲೆಯ ಕೈಗೆ ಹೋಗುತ್ತದೆ.

ನನ್ನದೇ ಉದಾಹರಣೆ ಹೇಳುತ್ತೇನೆ. ಊರು ಗದಗ. ಎರಡು ವಾರಕ್ಕೊಮ್ಮೆ ಶನಿವಾರ ಮನೆಗೆ ಹೋಗಿ ಭಾನುವಾರ ಸಂಜೆ ಬಸ್ಸಿಗೆ ವಾಪಸ್. ಅವ್ವ ಒಂದು ದೊಡ್ಡ ಡಬ್ಬಿ ಕಟ್ಟಿ ಕೊಡುತ್ತಿದ್ದಳು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಮೇಲೆ ಶೇಂಗಾ ಹೋಳಿಗೆ. ರೂಮಿನ ನಾಲ್ಕು ಜನರಿಗೆ ಅಂತ. ಆ ಭಾನುವಾರಗಳಲ್ಲಿ ಡಬ್ಬಿ ರೂಮು ಮುಟ್ಟುವ ಮೊದಲೇ ಹಾಸ್ಟೆಲ್ಲಿನ ಟೆರೇಸ್ ಮೆಟ್ಟಿಲ ಮೇಲೆ ಕತ್ತಲಲ್ಲಿ ಖಾಲಿಯಾಗುತ್ತಿತ್ತು. ಆಮೇಲಿನದ್ದು ಬೇಡ ಬಿಡಿ. ನನ್ನ ತೀರ್ಮಾನ ಏನಿತ್ತು ಅಂದರೆ, ನನಗೆ ಹೋಳಿಗೆ ಕಂಡರೆ ತಡೆಯೋಕಾಗಲ್ಲ, ನಾನು ಬಾಯಿಚಪಲದ ಹುಡುಗಿ, ಆದ್ದರಿಂದ ಅವ್ವನಿಗೆ ಡಬ್ಬಿ ಕಟ್ಟಬೇಡ ಅಂತ ಹೇಳಬೇಕು. ಹೇಳಿದೆ ಕೂಡ. ಮುಂದಿನ ಸಲ ಡಬ್ಬಿ ಇಲ್ಲದೆ ಬಂದೆ. ಸ್ಟ್ಯಾಂಡಿನಲ್ಲಿ ಇಳಿದು ಬೇಕರಿಗೆ ನುಗ್ಗಿದೆ. ಹೋಳಿಗೆಯದು ತಪ್ಪಿಲ್ಲ ಅಂತ ಆಗಲೂ ಹೊಳೆಯಲಿಲ್ಲ.

ನೋಟ್‌ಬುಕ್ ಶುರುವಾದ ಮೇಲೆ ನಾಲ್ಕು ಭಾನುವಾರ ಬರೆದೆ. ನಾಲ್ಕರಲ್ಲೂ ಒಂದೇ ಸಾಲು: "ಅಣ್ಣಿಗೇರಿ ದಾಟುವಾಗ ಗಂಟಲು ಬಿಗಿ." ಹಸಿವೆ ಅಲ್ಲ, ಡಬ್ಬಿಯ ವಾಸನೆಯೂ ಅಲ್ಲ, ಅಣ್ಣಿಗೇರಿ. ಬಸ್ಸಿನ ಕಿಟಕಿಯಲ್ಲಿ ಕತ್ತಲಾಗುವ ಹೊತ್ತು. ‘ಅದಕ್ಕೂ ಮೊದಲು’ ಕಾಲಂನಲ್ಲೂ ಹೆಚ್ಚುಕಡಿಮೆ ಒಂದೇ: ಅಪ್ಪ ಸ್ಟ್ಯಾಂಡಿಗೆ ಬಿಡಲು ಬಂದರು, ಏನೂ ಮಾತಾಡಲಿಲ್ಲ, ಬಸ್ಸು ಹೊರಡುವ ಮೊದಲೇ ತಿರುಗಿ ನಡೆದರು. ಇದನ್ನು ನಾನು ಎಷ್ಟೋ ಸಲ ನೋಡಿದ್ದೆ. ಬರೆದ ಮೇಲೆ ಕಂಡೆ. ಗಂಟಲಲ್ಲಿ ಕೂತದ್ದು ಅಳು. ಅಳುವಿನ ಅಡಿಯಲ್ಲಿ ಸಿಟ್ಟು. ಅದನ್ನು ಕಳೆದ ಮೂರು ವರ್ಷ ನಾನು ಬಾಯಿಚಪಲ ಅಂತ ಕರೆಯುತ್ತಿದ್ದೆ.

ನಿಮ್ಮ ಅಣ್ಣಿಗೇರಿ ಬೇರೆ ಎಲ್ಲೋ ಇರುತ್ತದೆ. ಇಂಟರ್ನಲ್ಸ್ ಅಂಕ ಬಂದ ಮಧ್ಯಾಹ್ನ, ಮದುವೆ ಮನೆಯಲ್ಲಿ "ಏನವಾ, ದಪ್ಪ ಆಗೀಯಲ್ಲ" ಅಂದ ದೊಡ್ಡಮ್ಮ, ಗಂಡ ಫೋನ್ ನೋಡುತ್ತಲೇ ಹೂಂಗುಟ್ಟಿದ ರಾತ್ರಿ. ಮೂರು ನಾಲ್ಕು ವಾರ ಬರೆಯದೆ ಕಾಣುವುದಿಲ್ಲ. ಒಂದು ವಾರಕ್ಕೇ ಬಿಟ್ಟುಬಿಡುವವರು ಜಾಸ್ತಿ, ನಾನೂ ಎರಡು ಸಲ ಬಿಟ್ಟಿದ್ದೆ.

ನಾಲ್ಕನೇ ಹೆಜ್ಜೆ: ಬೇಜಾರಿನ ಮೂಟೆ ಬಿಚ್ಚುವುದು

ಮೈಯ ಸುದ್ದಿ ಬಂತು, ಘಟನೆ ಗೊತ್ತಾಯಿತು. ಈಗ ಹೆಸರು. ನಮ್ಮ ಕನ್ನಡದಲ್ಲಿ ಒಂದು ತೊಡಕಿದೆ, ‘ಬೇಜಾರು’ ಅನ್ನುವ ಒಂದೇ ಪದದಲ್ಲಿ ಎಲ್ಲವನ್ನೂ ತುರುಕಿ ಕಟ್ಟಿಬಿಡುತ್ತೇವೆ. ಹೊತ್ತು ಹೋಗದಿದ್ದರೆ ಬೇಜಾರು, ಸತ್ತರೆ ಬೇಜಾರು, ಬೈದರೆ ಬೇಜಾರು, ಉಪ್ಪಿಟ್ಟು ದಿನಾ ಮಾಡಿದರೂ ಬೇಜಾರು. ಮೂಟೆ ಬಿಚ್ಚಿ. ದುಃಖವೋ, ಒಂಟಿತನವೋ, ನಿರಾಸೆಯೋ, ನೊಂದದ್ದೋ, ಸಿಟ್ಟೋ, ಸಿಟ್ಟಿಗಿಂತ ಸಣ್ಣದಾದ ಮುನಿಸೋ? ಅಂಜಿಕೆ ಅಂದರೆ ಎದುರಿಗೆ ಇರುವುದರ ಭಯ, ಕಳವಳ ಅಂದರೆ ಇನ್ನೂ ಬಾರದ್ದರ ಭಯ. ನಾಚಿಕೆಯಲ್ಲಿ ‘ನಾನೇ ಕೆಟ್ಟವಳು’ ಅನಿಸುತ್ತದೆ, ಪಶ್ಚಾತ್ತಾಪದಲ್ಲಿ ‘ನಾನು ಮಾಡಿದ್ದು ಕೆಟ್ಟದ್ದು’ ಅನಿಸುತ್ತದೆ. ಈ ಕೊನೆಯ ಎರಡನ್ನು ಬೇರೆ ಮಾಡಲು ಬಂದರೆ ರಾತ್ರಿಯ ತಿನ್ನಾಟದ ಆಮೇಲಿನ ಗಂಟೆ ಸ್ವಲ್ಪ ಹಗುರಾಗುತ್ತದೆ.

ಸರಿಯಾದ ಪದ ಥಟ್ಟನೆ ಹೊಳೆಯುವುದಿಲ್ಲ, ಹೊಳೆಯಬೇಕೂ ಇಲ್ಲ. ಅಂಗಡಿಯಲ್ಲಿ ಸೀರೆ ತೆಗೆಸಿದಂತೆ ಮಾಡಿ. ಇದು ಅಲ್ಲ, ಇದೂ ಅಲ್ಲ, ಇದು ಸ್ವಲ್ಪ ಹತ್ತಿರ, ಇದನ್ನು ಪಕ್ಕಕ್ಕಿಡಿ. ಎರಡು ಪದ ಒಟ್ಟಿಗೆ ಬಂದರೆ ಎರಡನ್ನೂ ಬರೆಯಿರಿ. ಹೆಸರಿಡುವುದರಿಂದ ಭಾವನೆಯ ಕಾವು ಸ್ವಲ್ಪ ಇಳಿಯುತ್ತದೆ ಅನ್ನುವುದಕ್ಕೆ ಮಿದುಳಿನ ಸ್ಕ್ಯಾನ್ ಮಾಡಿ ತೋರಿಸಿದ್ದಾರೆ. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರ 2007ರ ಕೆಲಸ ಅದು: ಭಯ, ಸಿಟ್ಟಿನ ಮುಖಗಳ ಚಿತ್ರ ತೋರಿಸಿ ಭಾವನೆಯ ಹೆಸರು ಆರಿಸಲು ಹೇಳಿದಾಗ ಭಯದಂಥ ಭಾವನೆಗೆ ಎಚ್ಚೆತ್ತುಕೊಳ್ಳುವ ಮಿದುಳಿನ ಭಾಗವಾದ ಅಮಿಗ್ಡಲಾದ ಗದ್ದಲ ಕಡಿಮೆಯಾಯಿತು.

ಇಲ್ಲಿ ಒಂದು ಕಳ್ಳ ಪದದ ಬಗ್ಗೆ ಹೇಳಲೇಬೇಕು. "ನನಗೆ ದಪ್ಪ ಅನಿಸ್ತಿದೆ." ದಪ್ಪ ಅನ್ನುವುದು ಭಾವನೆಯಲ್ಲ. ಬೆಳಿಗ್ಗೆ ಹತ್ತಕ್ಕೆ ಇಲ್ಲದ ದಪ್ಪ ಹನ್ನೊಂದಕ್ಕೆ ಬರುವುದಿಲ್ಲ. ಹತ್ತರಿಂದ ಹನ್ನೊಂದರ ನಡುವೆ ಏನೋ ಆಗಿರುತ್ತದೆ, ಮೇಷ್ಟ್ರು ಎಲ್ಲರ ಮುಂದೆ ಏನೋ ಅಂದಿರುತ್ತಾರೆ, ಗೆಳತಿ ಬೇರೆಯವರ ಜೊತೆ ಕ್ಯಾಂಟೀನಿಗೆ ಹೋಗಿರುತ್ತಾಳೆ. ಆ ಮಾತು ಬಾಯಿಗೆ ಬಂದಾಗೆಲ್ಲ ನೋಟ್‌ಬುಕ್ ತೆಗೆದು ಹಿಂದಿನ ಒಂದು ಗಂಟೆ ಬರೆಯಿರಿ.

ಇನ್ನೊಂದು ಸಂಗತಿ ನನಗೆ ಬಹಳ ತಡವಾಗಿ ಕಂಡಿತು. ನಮ್ಮ ಭಾಷೆ ಭಾವನೆಗಳನ್ನೆಲ್ಲ ಮೊದಲಿನಿಂದಲೂ ಹೊಟ್ಟೆ, ಬಾಯಲ್ಲೇ ಇಟ್ಟಿದೆ. ಹೊಟ್ಟೆಕಿಚ್ಚು, ಹೊಟ್ಟೆ ಉರಿ, ಕರುಳು ಚುರ್ ಅನ್ನುವುದು. ಸಿಟ್ಟು ನುಂಗು, ಅವಮಾನ ನುಂಗು, ಕಣ್ಣೀರು ನುಂಗು. "ಆದದ್ದಾತು, ಹೊಟ್ಟಿಗೆ ಹಾಕ್ಕೋ" ಅಂತ ಹಿರಿಯರು ಸಮಾಧಾನ ಹೇಳುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ನಾವು ಹಾಕಿಕೊಂಡೆವು ನೋಡಿ, ಅಕ್ಷರಶಃ! ಈಗ ನಾನು ಯಾರಾದರೂ "ನುಂಗ್ಕೋ" ಅಂದರೆ ಏನನ್ನು ಅಂತ ನಿಂತು ಕೇಳಿಕೊಳ್ಳುತ್ತೇನೆ. ನೀವೂ ಕೇಳಿಕೊಳ್ಳಿ. ಅಲ್ಲಿ ಹೆಸರು ಸಿಗುವುದು ಸುಲಭ, ಯಾಕೆಂದರೆ ಗಾದೆಯಂಥ ಮಾತಿನಲ್ಲೇ ಹೆಸರು ಇರುತ್ತದೆ.

ಐದನೇ ಹೆಜ್ಜೆ: ಒಬ್ಬರಿಗೆ ಹೇಳುವುದು

ಒಬ್ಬರು ಸಾಕು. ಮೂರು ತುಂಡಿನ ಮಾತು: ಮೈಯಲ್ಲಿ ಏನು, ಬಹುಶಃ ಯಾವ ಭಾವನೆ, ನೀನು ಏನು ಮಾಡಬೇಕು. "ಎದೆ ಬಿಗಿ ಆಗಿದೆ. ಅಂಜಿಕೆ ಇರಬೇಕು. ಬುದ್ಧಿ ಹೇಳಬೇಡ, ಹತ್ತು ನಿಮಿಷ ಫೋನಿನಲ್ಲಿ ಇರು ಸಾಕು." ಮೂರನೆಯ ತುಂಡು ಬಿಟ್ಟರೆ ಕೇಳಿದವರು ಕಂಗಾಲಾಗಿ ಉಪದೇಶ ಶುರು ಮಾಡುತ್ತಾರೆ. ಮುಖ ನೋಡಿ ಹೇಳಲು ಕಷ್ಟವಾದರೆ ವಾಟ್ಸ್ಆ್ಯಪ್ ಮಾಡಿ, ಅಥವಾ ನಡೆಯುತ್ತಾ ಹೇಳಿ. ಉಣಕಲ್ ಕೆರೆಯ ದಂಡೆಯಲ್ಲಿ ಪಕ್ಕಪಕ್ಕ ನಡೆಯುವಾಗ ಹೇಳಿದಷ್ಟು ನಾನು ಎದುರುಬದುರು ಕೂತು ಯಾವತ್ತೂ ಹೇಳಿಲ್ಲ.

ಮೊದಲ ಸಲ ಕೆಡುತ್ತದೆ. ನಾನು ಧೈರ್ಯ ಮಾಡಿ "ಅವ್ವಾ, ಗಂಟಲಾ ಬಿಗದಂಗ ಆಗೇತಿ" ಅಂದೆ. "ಬಿಸಿನೀರ ಕುಡಿ, ಉಪ್ಪ ಹಾಕಿ ಮುಕ್ಕಳಸು" ಅಂದಳು. ಸಿಟ್ಟು ಬಂತು. ಬಂದದ್ದು ಸಿಟ್ಟು ಅಂತ ಗೊತ್ತಾಯಿತಲ್ಲ, ಅದನ್ನೇ ನೋಟ್‌ಬುಕ್ಕಿಗೆ ಹಾಕಿದೆ.

ಮನೆಯವರಿಗೆ

"ಯಾಕ ಉಣವಲ್ಲಿ?" ಅಂತ ಕೇಳಬೇಡಿ. ಅವಳಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಜೋರಾಗಿ ಕೇಳಿದರೆ ಗೊತ್ತಾಗುವುದಿಲ್ಲ. ಹಟ, ಸೊಕ್ಕು, ತಿಂದದ್ದು ಹೆಚ್ಚಾಗಿದೆ ಅನ್ನುವ ಪದಗಳನ್ನು ಬಿಡಿ. ತಾಟಿನ ಮುಂದೆ ಭಾವನೆಯ ವಿಚಾರಣೆ ಬೇಡ, ಊಟದ ಹೊತ್ತಿಗೆ ಹೊಲದ್ದು, ಧಾರಾವಾಹಿದು, ಯಾವುದಾದರೂ ಸುದ್ದಿ ಮಾತಾಡಿ. ಮೈಯ ಬಗ್ಗೆ ಹೊಗಳಿಕೆಯೂ ಬೇಡ. "ಈಗ ಮೈಕೈ ತುಂಬ್ಕೊಂಡು ಚಂದ ಕಾಣ್ತೀ" ಅನ್ನುವುದು ನಿಮ್ಮ ಕಿವಿಗೆ ಪ್ರೀತಿ, ಅವಳ ಕಿವಿಗೆ ಬೇರೆ.

ನೀವು ಮಾಡಬಹುದಾದದ್ದು: ನಿಮ್ಮದನ್ನು ನೀವು ಹೇಳುವುದು. "ಇವತ್ತ ಬ್ಯಾಂಕಿನಾಗ ಕಾಯಿಸಿದರು, ನನಗ ಸಿಟ್ಟ ಬಂದಿತ್ತು, ಕೈ ನಡುಗಾಕತ್ತಿದ್ವು." ಸಿಟ್ಟಿಗೂ ಕೈಗೂ ಇರುವ ನಂಟನ್ನು ಮಕ್ಕಳು ಹೀಗೇ ಕಲಿಯುವುದು. ಊಹೆ ಮಾಡುವುದಾದರೆ ತಪ್ಪಾಗಲು ಜಾಗ ಬಿಟ್ಟು ಮಾಡಿ: "ನನಗ ನೋಡಿದರ ನೊಂದಂಗ ಕಾಣ್ತೀ, ಅಲ್ಲ ಅಂದರ ಅಲ್ಲ ಅನ್ನು." ಆಮೇಲೆ ಸುಮ್ಮನಿರಿ. ನಮ್ಮಂಥವರಿಗೆ ಉತ್ತರ ಹುಡುಕಲು ಹೊತ್ತು ಬೇಕು, ಕೆಲವು ಸಲ ಮರುದಿನ ಬರುತ್ತದೆ.

ಉಪವಾಸಗಳ ಬಗ್ಗೆ ಕಣ್ಣಿರಲಿ. ಶ್ರಾವಣ ಸೋಮವಾರ, ಏಕಾದಶಿ, ಸಂಕಷ್ಟಿ, ಮನೆಯಲ್ಲಿ ಯಾರೂ ಹಿಡಿಯದ ವ್ರತಗಳನ್ನೆಲ್ಲ ಮಗಳು ಒಬ್ಬಳೇ ಹಿಡಿಯುತ್ತಿದ್ದರೆ ಅದು ಭಕ್ತಿಯೇ ಇರಬಹುದು, ಇರದೆಯೂ ಇರಬಹುದು. ನನ್ನ ಉಪವಾಸ ನೋಡಿ ಓಣಿಯವರೆಲ್ಲ ಹೊಗಳುತ್ತಿದ್ದರು. ಗಂಡುಮಕ್ಕಳನ್ನೂ ನೋಡಿ. ಜಿಮ್, ಪ್ರೋಟೀನ್ ಪುಡಿ, ಕೊಬ್ಬು ಕರಗಿಸುವ "ಕಟಿಂಗ್" ಅಂತ ಹೊರಟ ಹುಡುಗರಲ್ಲಿ ಕೆಲವರು ಇದೇ ದಾರಿಯಲ್ಲಿ ಇರುತ್ತಾರೆ. "ಗಂಡಸು ಅಳಬಾರದು" ಅಂತ ಕೇಳಿ ಬೆಳೆದ ಅವರಿಗೆ ಪದಗಳು ಇನ್ನೂ ಕಡಿಮೆ.

ಕೌನ್ಸೆಲಿಂಗಿಗೆ ಹೋದಾಗ

ನೋಟ್‌ಬುಕ್ ತಗೊಂಡು ಹೋಗಿ. "ಹೇಗನಿಸ್ತು?" ಅಂತ ಅವರು ಕೇಳಿದರೆ "ಆ ಪ್ರಶ್ನೆಗೆ ನನಗೆ ಉತ್ತರ ಬರಲ್ಲ, ಮೈಯಿಂದ ಶುರು ಮಾಡೋಣ" ಅಂತ ನೇರ ಹೇಳಿ. ಒಳ್ಳೆಯವರಾದರೆ ಖುಷಿಪಡುತ್ತಾರೆ. ಈಟಿಂಗ್ ಡಿಸಾರ್ಡರ್‌ಗೆ ಅಂತಲೇ ರೂಪಿಸಿದ ಸಿಬಿಟಿ ಇದೆ (ಯೋಚನೆ, ನಡವಳಿಕೆ ತಿದ್ದಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ), ಭಾವನೆಯ ಅಬ್ಬರ ತಡೆದುಕೊಳ್ಳುವುದನ್ನು ಕಲಿಸುವ ಡಿಬಿಟಿ ಇದೆ. ಯಾವುದು ತಮಗೆ ಬರುತ್ತದೆ ಅಂತ ಕೇಳುವುದು ನಿಮ್ಮ ಹಕ್ಕು. ನೀವು ಹೇಳಿದ್ದನ್ನು ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ, ಜೀವಕ್ಕೆ ಅಪಾಯ ಇದ್ದಂಥ ಕೆಲವು ಸಂದರ್ಭ ಬಿಟ್ಟು. ನಮ್ಮ ಊರು ಸಣ್ಣದು, ಎಲ್ಲರಿಗೂ ಎಲ್ಲರೂ ಬೀಗರು, ಅದಕ್ಕೆ ಈ ಮಾತು ಹೇಳಿದೆ.

ಭಾವನೆಗಳು ಗೊತ್ತಾಗಲು ಶುರುವಾದಾಗ ಮೊದಲು ಕೆಲವು ವಾರ ಕಷ್ಟ ಜಾಸ್ತಿಯಾಗುತ್ತದೆ. ಮರಗಟ್ಟಿದ ಕಾಲಿಗೆ ರಕ್ತ ಹರಿದಾಗ ಜುಮ್ ಅನ್ನುತ್ತದಲ್ಲ, ಹಾಗೆ. ನನಗೆ ಒಂದು ತಿಂಗಳು ಸುಮ್ಮಸುಮ್ಮನೆ ಅಳು ಬರುತ್ತಿತ್ತು, ಬಸ್ಸಿನಲ್ಲಿ, ಲೈಬ್ರರಿಯಲ್ಲಿ, ಒಮ್ಮೆ ಗಿರಮಿಟ್ ಗಾಡಿಯ ಮುಂದೆ. ಗಾಡಿಯವರು ಖಾರ ಜಾಸ್ತಿಯಾಯಿತು ಅಂದುಕೊಂಡು ಇನ್ನಷ್ಟು ಚುರುಮುರಿ ಸೇರಿಸಿದರು. ಆದರೆ ಬದುಕುವುದೇ ಬೇಡ ಅನ್ನುವ ಯೋಚನೆ ಬಂದರೆ ಅದು ಈ ಲೆಕ್ಕಕ್ಕೆ ಸೇರಿದ್ದಲ್ಲ. ಆ ಕ್ಷಣವೇ ಯಾರನ್ನಾದರೂ ಎಬ್ಬಿಸಿ, ಅಥವಾ 14416ಕ್ಕೆ ಫೋನ್ ಮಾಡಿ.

ಬರೆಯಲು ಏನೂ ಸಿಗದ ದಿನಗಳೂ ಬರುತ್ತವೆ. ಮೈ ಕೇಳಿದರೂ ಉತ್ತರವಿಲ್ಲ, ಗಂಟಲಿಲ್ಲ, ದವಡೆಯಿಲ್ಲ. ಆವತ್ತು ತಾರೀಕು ಹಾಕಿ ‘ಖಾಲಿ’ ಅಂತ ಬರೆದು ಮಲಗಿ. ನನ್ನ ಮೊದಲ ನೋಟ್‌ಬುಕ್ಕಿನಲ್ಲಿ ಹಾಗೆ ಹನ್ನೊಂದು ಪುಟ ಇವೆ.